ಹಿಲ್ಕಾ ಅವರ ಕಡತದಲ್ಲಿದ್ದ ಒಂದು ಸಾಲು

‘ಇನ್ಸುಲಿನ್ ತೆಗೆದುಕೊಳ್ಳುವುದರಲ್ಲಿ ರೋಗಿಯ ನಿರ್ಲಕ್ಷ್ಯ.’

ಆಸ್ಪತ್ರೆಯ ಕಡತದಲ್ಲಿ ಈ ಸಾಲು ಓದಿದಾಗ ಏರಿದ ಹಿಲ್ಕಾ ತುರುನೆನ್ ಅವರ ಸಿಟ್ಟು ಇನ್ನೂ ಇಳಿದಿಲ್ಲ. ಪೂರ್ವ ಫಿನ್‌ಲ್ಯಾಂಡಿನ ಸಣ್ಣ ಪೇಟೆಯೊಂದರಲ್ಲಿ ಅವರು ಶಾಲೆಯ ಅಡುಗೆಯವರು. ವಯಸ್ಸು ಅರವತ್ತೊಂದು. ಒಂಬತ್ತನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಒಂದು ಹೊತ್ತಿನ ಇನ್ಸುಲಿನ್ ಕೂಡ ತಪ್ಪಿಸಿದವರಲ್ಲ.

ಮಾರ್ಚ್‌ನ ಒಂದು ಭಾನುವಾರ ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುವ ಪಂದ್ಯ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಬಾಗಿ ಮಂಜು ಕೊರೆಯುವಾಗ ಎದೆಗೆ ಒತ್ತುತ್ತವೆಂದು ಇನ್ಸುಲಿನ್ ತುಂಬಿದ, ಚುಚ್ಚಿಕೊಳ್ಳುವ ಎರಡೂ ಪೆನ್ನುಗಳನ್ನು ಒಳಅಂಗಿಯಿಂದ ತೆಗೆದು ಕೋಟಿನ ಹೊರಜೇಬಿಗೆ ಹಾಕಿಕೊಂಡರು. ಐದು ಗಂಟೆ ಕೂತರು. ಔಷಧಿ ಹೆಪ್ಪುಗಟ್ಟಿತು. ಮನೆಯ ಬಿಸಿಗೆ ಕರಗಿ ಮತ್ತೆ ತಿಳಿಯಾಗಿ ಕಂಡಿತು. ಆದರೆ ಅದರಲ್ಲಿ ಸತ್ವ ಉಳಿದಿರಲಿಲ್ಲ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದ ಸಕ್ಕರೆ ಜೀವಕೋಶಗಳ ಒಳಗೆ ಹೋಗದು. ಸಕ್ಕರೆಯಲ್ಲಿ ಮುಳುಗಿಯೂ ಮೈ ಹಸಿಯುತ್ತದೆ, ತನ್ನ ಕೊಬ್ಬನ್ನೇ ಸುಡುತ್ತದೆ. ಆಗ ಯಕೃತ್ತಿನಿಂದ ಕೀಟೋನ್ ಎಂಬ ಆಮ್ಲ ರಕ್ತಕ್ಕೆ ಸೇರುತ್ತದೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಮೈಯ ನೀರನ್ನೂ ಎಳೆದೊಯ್ಯುತ್ತದೆ.

ಸೋಮವಾರ ಹಿಲ್ಕಾ ಕೊಡಗಟ್ಟಲೆ ನೀರು ಕುಡಿದರು. ಸಕ್ಕರೆ ಇಳಿಯದಿದ್ದಾಗ ಅದೇ ಪೆನ್ನಿನಿಂದ ಇನ್ನಷ್ಟು ಚುಚ್ಚಿಕೊಂಡರು. ಮಂಗಳವಾರ ಬೆಳಿಗ್ಗೆ ವಾಂತಿ ಶುರುವಾಯಿತು. ಗಂಡ ಪೆಂಟಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರು. ನರ್ಸ್ ತೆಗೆದಳು.

“ಊರಲ್ಲೆಲ್ಲ ವಾಂತಿ ಭೇದಿ ಇದೆ. ಇಲ್ಲಿಗೆ ಕರ್ಕೊಂಡು ಬರ್ಬೇಡಿ, ಎಲ್ರಿಗೂ ಹಬ್ಬತ್ತೆ.”

“ಸಕ್ಕರೆ ಕಾಯಿಲೆ ಇದೆ ಅಂದ್ನಲ್ಲ ತಾಯಿ!”

“ಇರ್ಲಿ. ಎರಡು ದಿನ ಮಲಗ್ಸಿ, ಸರಿಹೋಗತ್ತೆ.”

ಮಧ್ಯಾಹ್ನದ ಎರಡನೇ ಫೋನಿಗೂ ಅದೇ ಉತ್ತರ. ಅಷ್ಟರಲ್ಲಿ ಹಿಲ್ಕಾ ಮಲಗಿದ್ದಲ್ಲೇ ಓಡಿ ಬಂದವರಂತೆ ಆಳವಾಗಿ ಉಸಿರೆಳೆಯುತ್ತಿದ್ದರು. ರಕ್ತದ ಹುಳಿಯನ್ನು ಮೈ ಉಸಿರಿನಲ್ಲಿ ಹೊರದಬ್ಬಲು ನೋಡುತ್ತಿತ್ತು.

“ಬಾಯಲ್ಲಿ ಕೊಳೆತ ಸೇಬಿನ ವಾಸನೆ ಬರ್ತಿದೆ ಕಣೇ. ಏಳು, ಕಾರು ಹತ್ತು.”

“ಬರ್ಬೇಡಿ ಅಂದ್ರಲ್ಲ...”

“ಅವರಪ್ಪನ ಮನೆ ಆಸ್ಪತ್ರೆನಾ? ಏಳು!”

ನಾಲ್ಕು ದಿನ ತೀವ್ರ ನಿಗಾ ಘಟಕ. ಬದುಕಿ ಮನೆಗೆ ಬಂದಮೇಲೆ ಕೈಗೆ ಸಿಕ್ಕಿದ್ದು ಆ ಸಾಲು. ಹಿಲ್ಕಾ ಆ ಪೆನ್ನುಗಳನ್ನು ಪರೀಕ್ಷಿಸಿ ಎಂದು ಒಯ್ದು ವೈದ್ಯರ ಮೇಜಿನ ಮೇಲಿಟ್ಟರು, ಸಾಲು ತಿದ್ದಿ ಎಂದು ಅರ್ಜಿ ಬರೆದರು, ಮತ್ತೆ ಬರೆದರು. ಏಳು ವಾರದ ಮೇಲೆ ತಿದ್ದುಪಡಿ ಬಂತು: ‘ಹೆಪ್ಪುಗಟ್ಟಿ ಕೆಟ್ಟ ಇನ್ಸುಲಿನ್.’

ಅದನ್ನು ಹಿಡಿದು ಅವರು ಆರೋಗ್ಯ ಕೇಂದ್ರಕ್ಕೆ ಹೋದರು. “ಪೆನ್ನು ಹೊರಗಿಟ್ಟೋಳು ನಾನೇ, ಒಪ್ಕೋತೀನಿ. ನನ್ನ ತಪ್ಪು ಇಲ್ಲಿದೆ. ನಿಮ್ಮದೆಲ್ಲಿ? ಎರಡು ಸಲ ಫೋನ್ ಮಾಡಿದ್ವಲ್ಲ?”

“ಅದು ದಾಖಲಾಗಿಲ್ಲಮ್ಮ,” ಎಂದಳು ಗುಮಾಸ್ತೆ.

ಹಿಲ್ಕಾ ಕುರ್ಚಿ ಎಳೆದುಕೊಂಡು ಕೂತರು.

“ಈಗ ದಾಖಲು ಮಾಡಿ. ಮಂಜಿನ ಮೇಲೆ ಐದು ಗಂಟೆ ಕೂರೋಳು ನಾನು. ಇಲ್ಲಿ ಬೆಚ್ಚಗಿದೆ.”