ಚಹಾ ಬಿಟ್ಟ ಮಾಸ್ತರ

ಗೆಳೆಯರೇ, ಇವತ್ತು ಹತ್ತನೇ ಕ್ಲಾಸಿನಲ್ಲಿ ‘ಗಿವ್ ಅಪ್’ ಕಲಿಸಿದೆ. ಬಿಡು, ತ್ಯಜಿಸು, ಕೈಚೆಲ್ಲು ಎಂದು ಹಲಗೆಯ ಮೇಲೆ ಅರ್ಥ ಬರೆದು ಉದಾಹರಣೆ ಕೇಳಿದೆ. ರೇಣುಕಾ ಎದ್ದಳು.

“ಅವರ್ ಸರ್ ಗೇವ್ ಅಪ್ ಟೀ.”

ಹೋದ ವಾರ ಮನೆಭೇಟಿಗೆ ಹೋದಾಗ ಅವಳ ತಾಯಿ ಚಹಾ ತಂದಿದ್ದರು. ದಲಿತ ಕೇರಿಯ ಮನೆಯೆಂದು, “ಚಹಾ ಬಿಟ್ಟೇನ್ರಿ” ಎಂದು ಸುಳ್ಳು ಹೇಳಿದ್ದೆ.

ಹಿಂದಿನ ಬೆಂಚಿನಿಂದ ಗೌಡರ ಮಗಳು ಕೂಗಿದಳು: “ಅವತ್ತ ಮನೆಭೇಟಿಗೆ ಬಂದಾಗ ನಮ್ಮ ಮನ್ಯಾಗ ಎರಡ ಕಪ್ಪ ಕುಡದ್ರಲ್ರಿ ಸರ್!”

ಕ್ಲಾಸೆಲ್ಲ ನಕ್ಕಿತು. ರೇಣುಕಾ ನಗಲಿಲ್ಲ, ಕೂರಲೂ ಇಲ್ಲ.

“ಹಂಗಾದ್ರ ನನ್ನ ವಾಕ್ಯ ತಪ್ಪೇನ್ರಿ ಸರ್?”

“ವಾಕ್ಯ ಬರೋಬರಿ ಐತವ್ವಾ,” ಎಂದೆ, ಹಲಗೆಯ ಕಡೆ ತಿರುಗಿಕೊಂಡು.

ಸರ್ ಬರೋಬರಿ ಇದ್ದಾರೇನು ಎಂದು ಅವಳು ಕೇಳಲಿಲ್ಲ. ನಮ್ಮಿಬ್ಬರಲ್ಲಿ ಮರ್ಯಾದೆ ಇರುವುದು ಅವಳಿಗೇ.