ಎದುರು ತೊಟ್ಟಿಲಿನ ಕಲ್ಲು

ಅಪ್ಪ ಸಂತೆಯಿಂದ ಸಂತೆಗೆ ಗಾಡಿಯಲ್ಲಿ ಸಾಗಿಸುತ್ತಿದ್ದ ಮರದ ರಾಟೆಗೆ ನಾಲ್ಕು ತೊಟ್ಟಿಲು. ಮಕ್ಕಳನ್ನು ಕೂರಿಸಿ ಕೈಯಲ್ಲೇ ಮೇಲೆ ಕೆಳಗೆ ತಿರುಗಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಕೊಳ್ಳೇಗಾಲದ ನಮ್ಮ ಹಿತ್ತಲಲ್ಲಿ ಗೆದ್ದಲು ಹಿಡಿದು ಬಿದ್ದಿತ್ತು. ಈ ವರ್ಷ ರಿಪೇರಿಗೆ ಹೊರಟೆ. ಕಾರಣ ಅಕ್ಕ. ನನಗಿಂತ ವರ್ಷಕ್ಕೆ ದೊಡ್ಡವಳು, ಏಳನೇ ವಯಸ್ಸಿಗೆ ಜ್ವರದಲ್ಲಿ ಹೋದಳು. ಫೋಟೋ ಇಲ್ಲ. ಇರುವುದು ಒಂದೇ ನೆನಪು: ಯಳಂದೂರಿನ ಸಂತೆಮಾಳ, ತೊಟ್ಟಿಲಲ್ಲಿ ನನ್ನ ಪಕ್ಕ ಅವಳು, ಮೇಲೆ ಹೋದಾಗ ನನ್ನ ಕೈ ಹಿಡಿಯುತ್ತಾಳೆ.

ಬಡಗಿ ಹೊಸ ತೊಟ್ಟಿಲು ಕೂರಿಸಿದ ದಿನ ಹಲಗೆ ಸವರಿ, "ನಾವಿಬ್ರೂ ಇಲ್ಲೇ ಕೂತ್ಕತಿದ್ದೊ" ಎಂದೆ.

ಕಡಲೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಎಲ್ಲಾದ್ರೂ ಕೂರ್ಸಾನಾ ನಿಮ್ಮಪ್ಪ, ಇಬ್ರುನ್ನೂ ಒಂದ್ಕಡೆ? ಎತ್ತಿ ನೋಡಿ, ಸರಿತೂಕದೋರ್ನ ಎದುರಾಬದ್ರ ಕೂರ್ಸೋನು. ನೀನು ಕೆಳಗಿದ್ರೆ ಅವ್ಳು ಮ್ಯಾಲೆ ಕಣ್ಲಾ."

"ಇಲ್ಲ ಕಣವ್ವ, ಕೈ ಇಡ್ಕಂಡಿದ್ಳು."

"ಇಡ್ಕತಾಳೆ ಬುಡು, ಮಾರುದ್ದ ಕೈ ಅವ್ಳ್ದು!"

ಬಡಗಿ ನಕ್ಕ. ನಾನೂ ನಕ್ಕೆ. ಅವ್ವ ಹೇಳಿದ್ದೇ ಸರಿ. ಭಾರವೆಲ್ಲ ಒಂದೇ ತೊಟ್ಟಿಲಿಗೆ ಹಾಕಿದರೆ ಅದು ನೆಲಕ್ಕೆ ಜಗ್ಗಿ ನಿಲ್ಲುತ್ತದೆ, ರಾಟೆ ಮಿಸುಕುವುದಿಲ್ಲ. ತಿಂಗಳುಗಟ್ಟಲೆ ಅದನ್ನು ಬಿಚ್ಚಿ ಜೋಡಿಸಿದವನಿಗೆ ಇಷ್ಟು ಹೊಳೆದಿರಲಿಲ್ಲ. ಹಾಗಾದರೆ ನನ್ನ ಕೈ ಹಿಡಿದದ್ದು ಯಾರು? ಇನ್ಯಾವುದೋ ದಿನದ ಇನ್ಯಾರದೋ ಕೈ ಇರಬಹುದು. ನಾನೇ ಕಟ್ಟಿಕೊಂಡದ್ದೂ ಇರಬಹುದು. ಇದ್ದದ್ದೊಂದೇ ನೆನಪು, ಅದೂ ಹೋಯಿತು.

ಬಡಗಿ ಒಂದು ತೊಟ್ಟಿಲಿಗೆ ಮರಳಿನ ಚೀಲ ಹಾಕಿ, "ಎದ್ರುಗೂ ತೂಕ ಬೇಕು ಸಾ" ಎಂದು, ಹಿತ್ತಲ ಬಾಗಿಲಿಗೆ ಒತ್ತಾಗಿದ್ದ ಗುಂಡುಕಲ್ಲಿಗೆ ಕೈ ಹಾಕಿದ.

"ಅದ ಮುಟ್ಬ್ಯಾಡ ಕಣಪ್ಪ," ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಅವ್ಳು ಸತ್ಮೇಲೆ ನಿನ್ನ ಎದ್ರುಗೆ ಇಡಕ್ಕೆ ತಂದಿದ್ದು. ಮುಳ್ಳೂರ್ ಒಲದ ಬದೀಲಿ ದಿನವೆಲ್ಲಾ ಒಂದೊಂದೇ ಕಲ್ಲು ಎತ್ತೆತ್ತಿ ನೋಡ್ದ ನಿಮ್ಮಪ್ಪ."

ಆ ಕಲ್ಲಿನ ಎದುರು ಕೂತು ತಿರುಗಿದ್ದು ನನಗೆ ಒಂದು ಚೂರೂ ನೆನಪಿಲ್ಲ.

ಬಗ್ಗಿ ಎತ್ತಿದೆ. ಭಾರವಿತ್ತು. ಆದರೆ ಅಕ್ಕನನ್ನು ನಾನೆಂದೂ ಎತ್ತಿರಲಿಲ್ಲ.

"ಇಷ್ಟೇ ಇದ್ಳಾ ಅವ್ವ?"

"ನಂಗೀಗ ಎತ್ತಕ್ಕಾದದಾ ಅದ?"

ನಾನು ಕಲ್ಲನ್ನು ಕೆಳಗಿಡಲಿಲ್ಲ. ಅವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದು ಬಂದು, ಕಲ್ಲಿನ ಅಡಿಗೆ ಕೈ ಕೊಟ್ಟಳು.