ತಗ್ಗಿನ ಬೀದಿಯ ವಾಲ್ವ್

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಪ್ಪ ಹಂಚಿದ ಮೈಸೂರು ಪಾಕನ್ನು ಬಾಯಿಗೆ ಹಾಕಿಕೊಂಡೇ ಅಂದಳು: "ನೀರು ಬಿಡೋನ ಮಗಳು ಇಂಜಿನಿಯರಾ? ಕಾವೇರಿ ದಿಣ್ಣೆ ಹತ್ತಿದ ಹಾಗೇ ಇದೆ, ಬಿಡೋ."

"ದಿನಾ ಹತ್ಕೊಂಡೇ ಬರ್ತಾಳಲ್ಲಕ್ಕಾ ಬೆಂಗಳೂರಿಗೆ," ಎಂದು ಅಪ್ಪ ನಕ್ಕ. "ಇಲ್ದಿದ್ರೆ ನಿನ್ನ ಬಿಂದಿಗೆ ತುಂಬ್ತಿತ್ತಾ?"

ಅಪ್ಪ ಹಲಸೂರಿನಲ್ಲಿ ವಾಲ್ವ್‌ಮನ್. ಬೀದಿಯ ಗುಂಡಿಯ ಮುಚ್ಚಳ ಎತ್ತಿ, ಎದೆಯುದ್ದದ ಕಬ್ಬಿಣದ ಕೀ ಇಳಿಸಿ ತಿರುಗಿಸಿದರೆ ನಲ್ಲಿಗಳಿಗೆ ನೀರು. ದಿನ ಬಿಟ್ಟು ದಿನ, ಬೆಳಗಿನ ಐದಕ್ಕೆ. ನಮ್ಮ ಬೀದಿ ಕೆರೆಯ ಕಡೆ, ತಗ್ಗಿನಲ್ಲಿದೆ. ಅತ್ತೆಯದು ದಿಣ್ಣೆಯ ಮೇಲೆ. ಎರಡಕ್ಕೂ ಒಟ್ಟಿಗೆ ಬಿಟ್ಟರೆ ನೀರೆಲ್ಲ ತಗ್ಗಿಗೇ ಓಡುತ್ತದೆ. ಅದಕ್ಕೇ ಅಪ್ಪ ಮೊದಲು ತಗ್ಗಿನ ವಾಲ್ವನ್ನು ಬಿಗಿಯಾಗಿ ಮುಚ್ಚಿ ದಿಣ್ಣೆಯವರಿಗೆ ಬಿಡುತ್ತಿದ್ದ. ಒಂದೂವರೆ ಗಂಟೆ ಅಲ್ಲೇ ಕಾದು, ಆಮೇಲೆ ನಮಗೆ. "ತಗ್ಗಿನೋರು ಬೈತಾರೆ, ಬೈಲಿ. ಮೇಲಿನೋರಿಗೆ ಮೊದ್ಲು," ಅನ್ನುತ್ತಿದ್ದ. ಹಾಗೆ ಬೈಯುವವರಲ್ಲಿ ಅಮ್ಮನೂ ಇದ್ದಳು.

ನನ್ನ ಕೊನೆಯ ಸೆಮಿಸ್ಟರ್ ಪರೀಕ್ಷೆಯ ವಾರ ಅಪ್ಪನ ಭುಜ ಹಿಡಿದುಕೊಂಡು ಕೈ ಮೇಲೇಳದಾಯಿತು. ರಜೆ ಹಾಕಿದರೆ ಬದಲಿ ಆಳು ಬರುವುದು ಯಾವಾಗಲೋ. ಕಚೇರಿಗೆ ಹೇಳದೆ ಕೀಯನ್ನು ನನಗೆ ಕೊಟ್ಟ. ಸಿವಿಲ್ ಓದುವ ಮಗಳಿಗಿಂತ ಬೇರೆ ಯಾರು ಬೇಕು ಎಂಬ ಹಮ್ಮು ಅವನಿಗೆ.

ಮೂರು ಸರದಿ ನಾನೇ ನೀರು ಬಿಟ್ಟೆ. ಮೂರು ಸಲವೂ ತಗ್ಗಿನ ವಾಲ್ವ್ ಮುಚ್ಚಲಿಲ್ಲ. ಮುಚ್ಚಿದರೆ ತೆರೆಯಲು ಒಂದೂವರೆ ಗಂಟೆ ಬೀದಿಯಲ್ಲಿ ನಿಲ್ಲಬೇಕು, ಕೆ.ಆರ್. ಪುರದಾಚೆಯ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ಓದುವುದು ಇನ್ನೂ ರಾಶಿಯಿತ್ತು. ಎರಡನ್ನೂ ತೆರೆದಿಟ್ಟು ಮನೆಗೆ ಹೋಗಿ ಪುಸ್ತಕ ಹಿಡಿದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಆ ವಾರದ ಒಂದು ಪರೀಕ್ಷೆ ನೀರು ಸರಬರಾಜಿನದೇ. ಎತ್ತರದ ಮನೆಗಳಿಗೆ ನೀರು ಏಕೆ ತಲುಪುವುದಿಲ್ಲ ಎಂಬ ಪ್ರಶ್ನೆಗೆ ಚಿತ್ರ ಸಮೇತ ಎರಡು ಪುಟ ಬರೆದು ಬಂದೆ.

ಅತ್ತೆ ರಸೆಲ್ ಮಾರುಕಟ್ಟೆಯಲ್ಲಿ ಹೂ ಮಾರುವವಳು. ನೀರು ಚಿಮುಕಿಸದಿದ್ದರೆ ಹೂ ಮಧ್ಯಾಹ್ನದವರೆಗೂ ಬಾಳುವುದಿಲ್ಲ. ಎರಡು ಕೊಡ ಹಿಡಿದು ದಿಣ್ಣೆಯಿಳಿದು ನಮ್ಮ ಮನೆಗೆ ಬಂದಳು. "ನಲ್ಲೀಲಿ ಬರೀ ಗಾಳಿ ಕಣೆ. ಬುಸ್ ಅಂತದೆ, ಹಾವಿದ್ದಂಗೆ."

ತುಂಬಿಸಿಕೊಡಲು ಎದ್ದರೆ ಗದರಿದಳು: "ಕೂತ್ಕೊಂಡು ಓದೇ ಸುಮ್ನೆ. ಫೇಲ್ ಆದ್ರೆ ನಾನು ಹೇಳಿದ್ದೇ ನಿಜ ಆಗೋಗುತ್ತೆ."

ಒಂದು ಕೊಡ ಸೊಂಟಕ್ಕೇರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ದಿಣ್ಣೆ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಕಿಟಕಿಯಿಂದ ನೋಡಿದೆ. ಆಮೇಲೆ ಪುಟ ತಿರುಗಿಸಿದೆ.

ದಿಣ್ಣೆಯವರು ದೂರು ಕೊಟ್ಟರು. ಅಪ್ಪ ನನ್ನನ್ನು ಕೇಳಿದ: "ತಗ್ಗಿಂದು ಪೂರ್ತಿ ಮುಚ್ಚಿದ್ದೆ ತಾನೇ?"

"ಮುಚ್ಚಿದ್ದೆ ಅಪ್ಪ."

ಆ ಒಂದು ಮಾತು ನಂಬಿಕೊಂಡು, "ನಾನೇ ಮುಚ್ಚಿದೀನಿ ಸಾರ್, ಪೈಪಲ್ಲೇ ಏನೋ ಸಿಕ್ಕಾಕೊಂಡಿದೆ," ಎಂದು ಕಚೇರಿಯ ಸಾಹೇಬರೆದುರು ಹಟ ಹಿಡಿದ. ರಸ್ತೆ ಅಗೆದರು. ಏನೂ ಸಿಗಲಿಲ್ಲ. "ವಾಲ್ವ್ ಮುಚ್ಚಿದ್ರೋ ಬಿಟ್ರೋ ಅನ್ನೋದೂ ನೆನಪಿರಲ್ವಲ್ರೀ ನಿಮಗೆ, ವಯಸ್ಸಾಯ್ತು," ಎಂದು ಸಾಹೇಬರು ಬೀದಿಯವರೆಲ್ಲರ ಎದುರಿಗೇ ಹೇಳಿ ಕೀ ತೆಗೆದುಕೊಂಡರು. ಅಂದಿನಿಂದ ಅಪ್ಪ ನೀರಿನ ಟ್ಯಾಂಕಿನ ಗೇಟಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. "ಆ ಪೈಪಲ್ಲಿ ಏನಿತ್ತು ಅಂತ ಇವತ್ತಿಗೂ ಹೊಳೀಲಿಲ್ಲ ಕಣಮ್ಮ," ಎಂದು ಊಟಕ್ಕೆ ಕೂತಾಗ ಅನ್ನುತ್ತಾನೆ. ನಾನು ಸಾರು ಬಡಿಸುತ್ತೇನೆ.

ಫಸ್ಟ್ ಕ್ಲಾಸ್ ಬಂತು. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಹೆಮ್ಮೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ಸಿನ ಕಂಬಿ ಹಿಡಿದು ನಿಂತು ಓದಿದವಳು ನಾನು. ಆದರೂ ಸರ್ಟಿಫಿಕೇಟು ಕೈಗೆ ಬಂದ ದಿನ ನೇರವಾಗಿ ಟ್ಯಾಂಕಿನ ಗೇಟಿಗೆ ಹೋಗಲು ಕಾಲು ಬರಲಿಲ್ಲ. ದಿಣ್ಣೆ ಹತ್ತಿದೆ.

ಅತ್ತೆ ಕನಕಾಂಬರ ಕಟ್ಟುತ್ತಿದ್ದಳು. ಒದ್ದೆ ಕೈಯನ್ನು ಎರಡೆರಡು ಸಲ ಸೆರಗಿಗೆ ಒರೆಸಿಕೊಂಡು ಚಾಚಿದಳು. ಸರ್ಟಿಫಿಕೇಟು ಕೊಟ್ಟೆ. ಕೊಡುತ್ತಲೇ ಆ ಮೂರು ಸರದಿಯ ವಿಷಯವನ್ನೂ, ಅಪ್ಪನಿಗೆ ಹೇಳಿದ ಸುಳ್ಳನ್ನೂ ಹೇಳಿಬಿಟ್ಟೆ. ಓದಲು ಬಾರದವಳು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ ಕೊಡ ಬಿಡು. ಹೊತ್ತೆ, ಮುಗೀತು," ಎಂದಳು. ಹಾಳೆಯನ್ನು ತಿರುಗಿ ನನ್ನ ಕೈಯಲ್ಲಿಟ್ಟಳು. "ಹತ್ತಿದ್ದಾಯ್ತಲ್ಲ, ಈಗ ಇಳಿ. ನಿಮ್ಮಪ್ಪ ಗೇಟ್ ಹತ್ರ ಕೂತಿದಾನೆ, ಇನ್ನೂ ಆ ಪೈಪಿನ ಯೋಚ್ನೇನೇ ಮಾಡ್ಕೊಂಡು."